ಕಣಿವೆಯಲ್ಲಿ ನಿಂತ ಎಣ್ಣೆ

ಡೀಸೆಲ್ ಎಂಜಿನ್ನಿನಲ್ಲಿ ಕೀಲೆಣ್ಣೆಯು ಹೊರುವ ಹೊಣೆಗಳು ಹಲವು. ತಿರುಗುವ ದಂಡಕ್ಕೂ ಅದನ್ನು ಧರಿಸಿರುವ ಬೇರಿಂಗಿಗೂ ನಡುವೆ ತೆಳ್ಳನೆಯ ಪದರವಾಗಿ ನಿಂತು ಲೋಹವು ಲೋಹವನ್ನು ಮುಟ್ಟದಂತೆ ತಡೆಯುವುದು, ಪಿಸ್ಟನ್ನಿನ ತಳಕ್ಕೆ ಚಿಮ್ಮಿ ಅಲ್ಲಿನ ಉಷ್ಣವನ್ನು ಹೊತ್ತು ತರುವುದು, ದಹನದಿಂದ ಹುಟ್ಟಿದ ಮಸಿ ಎಲ್ಲಿಯೂ ಹೆಪ್ಪುಗಟ್ಟದಂತೆ ಅದನ್ನು ತನ್ನಲ್ಲಿಯೇ ತೇಲಿಸಿಟ್ಟುಕೊಳ್ಳುವುದು, ಒಳಮೈಗೆ ತುಕ್ಕು ಹಿಡಿಯದಂತೆ ಕಾಯುವುದು, ಇವು ಎಲ್ಲ ಡೀಸೆಲ್ ಎಂಜಿನ್ನುಗಳಿಗೂ ಸಮಾನವಾದ ಧರ್ಮಗಳು. ಆದರೆ 1994ರಿಂದ 2003ರವರೆಗೆ ಅಮೆರಿಕದ ಫೋರ್ಡ್ ಕಂಪನಿಯ ಭಾರೀ ಪಿಕಪ್ ಟ್ರಕ್ಕುಗಳಲ್ಲಿ ‘ಪವರ್ ಸ್ಟ್ರೋಕ್’ ಎಂಬ ಹೆಸರಿನಿಂದ ಪ್ರಸಿದ್ಧವಾದ 7.3 ಲೀಟರಿನ ಎಂಜಿನ್ನಿನಲ್ಲಿ ಕೀಲೆಣ್ಣೆಗೆ ಇವೆಲ್ಲವನ್ನೂ ಮೀರಿದ ಮತ್ತೊಂದು ಕರ್ತವ್ಯವುಂಟು: ಇಂಧನವನ್ನು ಸಿಲಿಂಡರಿನೊಳಕ್ಕೆ ನುಗ್ಗಿಸುವ ಬಲವೂ ಈ ಎಣ್ಣೆಯದೇ. ಆದುದರಿಂದ ಈ ಎಂಜಿನ್ನಿನ ಅಡಿಯಲ್ಲಿ ನೆಲದ ಮೇಲೆ ಕಾಣಿಸಿಕೊಳ್ಳುವ ಕಪ್ಪು ಕಲೆಯು ಒಮ್ಮೆ ತೀರ ಅಲ್ಪವಾದ ವಿಷಯವಾಗಿರಬಹುದು, ಮತ್ತೊಮ್ಮೆ ಗಾಡಿಯು ನಡುದಾರಿಯಲ್ಲಿ ನಿಂತುಹೋಗುವುದರ ಮುನ್ಸೂಚನೆಯಾಗಿರಬಹುದು. ಇವೆರಡರಲ್ಲಿ ಯಾವುದು ಎಂಬುದನ್ನು ಕಲೆಯ ಗಾತ್ರವೊಂದರಿಂದಲೇ ನಿಷ್ಕರ್ಷಿಸುವುದು ಸಾಧ್ಯವಿಲ್ಲ. ಸೋರಿಕೆಯ ಮೂಲ ಯಾವುದು, ಅದರ ವೇಗವೆಷ್ಟು, ಸೋರಿದ್ದು ಎಲ್ಲಿಗೆ ಹೋಗಿ ಬೀಳುತ್ತಿದೆ ಎಂಬ ಮೂರನ್ನೂ ತಿಳಿದ ಬಳಿಕವೇ ಸ್ಪ್ಯಾನರಿಗೆ ಕೈಹಾಕತಕ್ಕದ್ದು ಎಂಬುದೇ ಈ ಅಧ್ಯಾಯದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ಮಾತು.

ಈ ಎಂಜಿನ್ನನ್ನು ರೂಪಿಸಿದವರು ನ್ಯಾವಿಸ್ಟಾರ್ ಇಂಟರ್‌ನ್ಯಾಷನಲ್ ಕಂಪನಿಯವರು. ಅವರದೇ ಲಾರಿಗಳಲ್ಲಿಯೂ ಶಾಲಾ ಬಸ್ಸುಗಳಲ್ಲಿಯೂ ಇದು ‘ಟಿ444ಇ’ ಎಂಬ ಹೆಸರಿನಿಂದ ದುಡಿಯಿತು. ಆ 444 ಎಂಬುದು ಘನ ಅಂಗುಲಗಳಲ್ಲಿ ಹೇಳಿದ ಎಂಜಿನ್ನಿನ ಗಾತ್ರ. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, ಇಂಗ್ಲಿಷಿನ ‘ವಿ’ ಅಕ್ಷರದ ಎರಡು ಬಾಹುಗಳಂತೆ ಓರೆಯಾಗಿ ನಿಂತಿವೆ. ಆ ಬಾಹುಗಳ ನಡುವೆ ಉಳಿದಿರುವ ತಗ್ಗೇ ಎಂಜಿನ್ನಿನ ಕಣಿವೆ. ಈ ಕಣಿವೆಯ ಭೂಗೋಳವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಮುಂಭಾಗದಲ್ಲಿ ಅಧಿಕ ಒತ್ತಡದ ಎಣ್ಣೆಯ ಪಂಪು ಮತ್ತು ಅದಕ್ಕೆ ಎಣ್ಣೆಯನ್ನು ಒದಗಿಸುವ ಪುಟ್ಟ ತೊಟ್ಟಿ, ಅದರ ಹಿಂದೆ ಡೀಸೆಲ್ ಫಿಲ್ಟರಿನ ಬಟ್ಟಲು, ಹಿಂಭಾಗದಲ್ಲಿ ಟರ್ಬೋ ಯಂತ್ರವನ್ನು ಹೊತ್ತಿರುವ ಲೋಹದ ಪೀಠ. ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ಡೀಸೆಲ್, ಮೂರನೆಯದರ ಆಸುಪಾಸಿನಲ್ಲಿ ಎಣ್ಣೆಯೂ ಹೊಗೆಯ ಮಸಿಯೂ. ಇವುಗಳಲ್ಲಿ ಯಾವುದು ಸೋರಿದರೂ ದ್ರವವು ಕಣಿವೆಯ ತಳಕ್ಕಿಳಿದು ಅಲ್ಲಿ ಮಡುಗಟ್ಟುತ್ತದೆ; ಮಡು ತುಂಬಿತೆಂದರೆ ಎಂಜಿನ್ನಿನ ಹಿಂಬದಿಗೆ ಹರಿದು, ಎಂಜಿನ್ನೂ ಗೇರ್‌ಬಾಕ್ಸೂ ಒಂದನ್ನೊಂದು ಸೇರುವ ಬೆಲ್ ಹೌಸಿಂಗಿನ ಗುಂಟ ಇಳಿದು, ಅದರ ಕೆಳತುದಿಯಿಂದ ತೊಟ್ಟಿಕ್ಕುತ್ತದೆ.

ಇನ್ನು ಎಣ್ಣೆಯು ಇಂಧನವನ್ನು ನುಗ್ಗಿಸುವ ಬಗೆ. ಎಂಜಿನ್ನಿನ ತಳದ ಚೇಂಬರಿನಲ್ಲಿ, ಫಿಲ್ಟರಿನದನ್ನೂ ಸೇರಿಸಿ, ಸುಮಾರು 14 ಲೀಟರ್ ಎಣ್ಣೆಯುಂಟು. ಕ್ರ್ಯಾಂಕ್ ದಂಡದ ಮುಂತುದಿಯಲ್ಲಿ ಕೂತ ಸಾಧಾರಣ ಪಂಪು ಅದನ್ನು ಮೇಲೆತ್ತಿ ಬೇರಿಂಗುಗಳಿಗೆಲ್ಲ ಹಂಚುವುದಲ್ಲದೆ ಕಣಿವೆಯ ಮುಂಭಾಗದ ಆ ಪುಟ್ಟ ತೊಟ್ಟಿಯನ್ನೂ ತುಂಬಿಡುತ್ತದೆ. ಏಳು ಪಿಸ್ಟನ್ನುಗಳುಳ್ಳ ಎರಡನೆಯ ಪಂಪು ಆ ತೊಟ್ಟಿಯಿಂದ ಎಣ್ಣೆಯನ್ನು ಹೀರಿ, ಎಂಜಿನ್ನಿನ ಅಗತ್ಯವನ್ನನುಸರಿಸಿ ಸುಮಾರು 35ರಿಂದ 200 ಬಾರ್ ಒತ್ತಡದವರೆಗೆ ಏರಿಸಿ, ಸಿಲಿಂಡರ್ ಹೆಡ್ಡುಗಳಲ್ಲಿ ಕೊರೆದ ನಾಳಗಳಿಗೆ ಕಳುಹಿಸುತ್ತದೆ. ಒಂದು ಬಾರ್ ಎಂಬುದು ಹೆಚ್ಚುಕಡಿಮೆ ನಮ್ಮನ್ನು ಸುತ್ತಿರುವ ವಾಯುಮಂಡಲದ ಒತ್ತಡ. ಪ್ರತಿಯೊಂದು ಇಂಜೆಕ್ಟರಿನಲ್ಲಿಯೂ ಈ ಎಣ್ಣೆಯು ಅಗಲವಾದ ಪಿಸ್ಟನ್ನೊಂದರ ತಲೆಯನ್ನು ಒತ್ತುತ್ತದೆ. ಅದರ ಕೆಳಗೆ ಅದಕ್ಕೆ ಅಂಟಿದಂತೆ, ವಿಸ್ತೀರ್ಣದಲ್ಲಿ ಏಳನೆಯ ಒಂದು ಪಾಲಿನಷ್ಟಿರುವ ಕೋಲೊಂದು ಡೀಸೆಲನ್ನು ಒತ್ತುತ್ತದೆ. ಬಲವು ಅದೇ ಆಗಿದ್ದು ವಿಸ್ತೀರ್ಣವು ಏಳರಲ್ಲೊಂದಾದುದರಿಂದ ಡೀಸೆಲಿನ ಒತ್ತಡವು ಏಳುಪಟ್ಟಾಗಿ, ಗರಿಷ್ಠದಲ್ಲಿ ಸುಮಾರು 1400 ಬಾರನ್ನು ಮುಟ್ಟುತ್ತದೆ. ಆ ಒತ್ತಡದಲ್ಲಿ ಡೀಸೆಲು ಮಂಜಿನಂತೆ ನವುರಾದ ತುಂತುರಾಗಿ ಸಿಲಿಂಡರಿಗೆ ಇಳಿಯುತ್ತದೆ. ಕ್ಯಾಟರ್‌ಪಿಲ್ಲರ್ ಕಂಪನಿಯೂ ನ್ಯಾವಿಸ್ಟಾರೂ ಕೂಡಿ ಬಳಕೆಗೆ ತಂದ ಈ ವಿಧಾನವು ದ್ರವದ ಒತ್ತಡವನ್ನು ಕುರಿತ ಪಾಸ್ಕಲನ ಹಳೆಯ ನಿಯಮವನ್ನು ಅತ್ಯಂತ ಚತುರವಾಗಿ ದುಡಿಸಿಕೊಂಡ ಉದಾಹರಣೆ ಎಂದು ನನ್ನ ಅಭಿಪ್ರಾಯ. ಇದರ ಫಲವಾಗಿ, ಸ್ಟಾರ್ಟರ್ ತಿರುಗಿಸುವಾಗ ಎಣ್ಣೆಯ ಒತ್ತಡವು ಆ 35 ಬಾರನ್ನು ಮುಟ್ಟದಿದ್ದರೆ, ಟ್ಯಾಂಕಿನ ತುಂಬ ಡೀಸೆಲ್ ಇದ್ದರೂ ಬ್ಯಾಟರಿ ಹೊಸದಾಗಿದ್ದರೂ ಎಂಜಿನ್ನು ಹೊತ್ತಿಕೊಳ್ಳುವುದಿಲ್ಲ.

ಈ ಟ್ರಕ್ಕುಗಳ ವಿಷಯದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ನಿರ್ಣಯವು ಹುಟ್ಟುವುದು ಬೆಲ್ ಹೌಸಿಂಗಿನ ಕೆಳತುದಿಯಲ್ಲಿ. ಅಲ್ಲಿ ತೊಟ್ಟಿಕ್ಕುವ ಎಣ್ಣೆಯನ್ನು ಕಂಡವನು, ಅದಕ್ಕೆ ನೇರ ಮೇಲ್ಗಡೆಯಲ್ಲಿ ಕ್ರ್ಯಾಂಕ್ ದಂಡದ ಹಿಂಬದಿಯ ಸೀಲ್ ಇರುವುದನ್ನು ಬಲ್ಲವನಾದ್ದರಿಂದ, ಆ ಸೀಲೇ ಹಾಳಾಗಿದೆಯೆಂದು ತೀರ್ಮಾನಿಸಿಬಿಡುತ್ತಾನೆ. ಆ ಸೀಲನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಫ್ಲೈವೀಲ್ ಬಿಚ್ಚಬೇಕು. ಅದು ಒಂದಿಡೀ ದಿನದ ಕೆಲಸ, ಖರ್ಚೂ ಅದಕ್ಕೆ ತಕ್ಕಂತೆಯೇ. ಇಷ್ಟೆಲ್ಲ ಮಾಡಿ ಹೊಸ ಸೀಲನ್ನು ಕೂರಿಸಿ ಗಾಡಿಯನ್ನು ಹೊರಕ್ಕೆ ತಂದರೆ, ವಾರದೊಳಗೆ ಅದೇ ಜಾಗದಲ್ಲಿ ಅದೇ ಹನಿ. ನಮ್ಮ ಮಲೆನಾಡಿನ ಹಂಚಿನ ಮನೆಗಳಲ್ಲಿ ಬಾಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು: ಮಾಡಿನ ನೆತ್ತಿಯ ಹತ್ತಿರ ಒಡೆದ ಹಂಚಿನಿಂದ ಒಳಹೊಕ್ಕ ನೀರು ಪಕಾಸಿಯನ್ನು ಹಿಡಿದು ಹತ್ತಡಿ ದೂರ ಹರಿದು, ಎಲ್ಲಿ ಗಂಟೋ ಸೀಳೋ ಅಡ್ಡಬರುವುದೋ ಅಲ್ಲಿ ತೊಟ್ಟಿಕ್ಕುತ್ತದೆ; ತೊಟ್ಟಿಕ್ಕುವ ಜಾಗದ ಮೇಲಣ ಹಂಚನ್ನು ಬದಲಿಸಿದವನ ಮನೆ ಮುಂದಿನ ಮಳೆಗೂ ಸೋರುತ್ತದೆ. ಎಂಜಿನ್ನಿನಲ್ಲಿ ಗುರುತ್ವದ ಜೊತೆಗೆ ಇನ್ನೆರಡು ಶಕ್ತಿಗಳು ಎಣ್ಣೆಯನ್ನು ತಾಣದಿಂದ ತಾಣಕ್ಕೆ ಒಯ್ಯುತ್ತವೆ. ಗಾಡಿಯು ಓಡುವಾಗ ಅಡಿಯಲ್ಲಿ ಬೀಸುವ ಗಾಳಿಯು ಹನಿಗಳನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಎಣ್ಣೆಯಾದರೋ ಲೋಹದ ಮೇಲ್ಮೈಯನ್ನು ಬಹಳ ಪ್ರೀತಿಯಿಂದ ತೋಯಿಸುವ ದ್ರವವಾದ್ದರಿಂದ, ಬೋಲ್ಟುಗಳ ಸಂದಿಯಲ್ಲಿ, ಕೀಲುಗಳ ಗೆರೆಯಲ್ಲಿ ಕೇಶಾಕರ್ಷಣದಿಂದ ಅಡ್ಡಡ್ಡಲಾಗಿಯೂ ಹಬ್ಬಿಕೊಳ್ಳುತ್ತದೆ. ಆದುದರಿಂದ ಅತಿ ಎತ್ತರದಲ್ಲಿ ಮತ್ತು ಅತಿ ಮುಂದುಗಡೆಯಲ್ಲಿ ಒದ್ದೆಯಾಗಿರುವ ಸ್ಥಳ ಯಾವುದು ಎಂಬುದೇ ಕೇಳಬೇಕಾದ ಪ್ರಶ್ನೆ. ಅದರ ಕೆಳಗಿನ ಮತ್ತು ಹಿಂದಿನ ಒದ್ದೆಯೆಲ್ಲ ಬಹುತೇಕ ಆ ಒಂದರ ಪರಿಣಾಮ.

ಇದಕ್ಕೂ ಮೊದಲು, ಬಿದ್ದಿರುವ ದ್ರವ ಯಾವುದೆಂಬುದು ನಿಶ್ಚಯವಾಗಬೇಕು. ರಾತ್ರಿ ಗಾಡಿಯ ಅಡಿಯಲ್ಲಿ ಅಗಲವಾದ ಬಿಳಿಯ ರಟ್ಟನ್ನು ಹಾಸಿ, ಮುಂದಿನ ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತು ಮಾಡಿಟ್ಟರೆ ಬೆಳಗಾಗುವುದರೊಳಗೆ ಒಂದು ನಕಾಶೆಯೇ ಸಿದ್ಧವಾಗುತ್ತದೆ. ಎಂಜಿನ್ ಎಣ್ಣೆ ಮಸಿಯಿಂದ ಕಪ್ಪಾಗಿ, ಬಿದ್ದಲ್ಲಿಯೇ ಮಂದವಾಗಿ ನಿಲ್ಲುತ್ತದೆ. ಡೀಸೆಲಿನ ಹನಿ ರಟ್ಟಿನ ನಾರುಗಳಲ್ಲಿ ದೂರದವರೆಗೆ ಹಬ್ಬಿ ಅಂಚಿನಲ್ಲಿ ತೆಳು ಬಳೆಯನ್ನು ಬಿಡುತ್ತದೆ, ವಾಸನೆಯಂತೂ ಮರೆಮಾಚಲಾಗದ್ದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವವೂ ಈ ಗಾಡಿಗಳಲ್ಲಿ ಪವರ್ ಸ್ಟೀರಿಂಗಿಗೆ ಹಾಕುವ ದ್ರವವೂ ಕೆಂಪು. ಹಿಂದಿನ ಆಕ್ಸಲಿನ ಎಣ್ಣೆ ದಪ್ಪಗಿದ್ದು ಗಂಧಕದ ಕಟುವಾಸನೆಯನ್ನು ಬೀರುತ್ತದೆ. ರೇಡಿಯೇಟರಿನ ನೀರು ಬೆರಳುಗಳ ನಡುವೆ ಜಾರುತ್ತದೆ, ಅದರ ವಾಸನೆ ಸಿಹಿ. ಆದರೆ ಅದು ವಿಷವಾದ್ದರಿಂದ ನಾಲಗೆಗೆ ತಾಗಿಸಲೇಬಾರದು. ಈ ಎಂಜಿನ್ನಿನಲ್ಲಿ ಮೋಸಮಾಡುವುದು ಮಿಶ್ರಣ. ಟರ್ಬೋ ಕಡೆಗೆ ಹೊಗೆಯನ್ನು ಒಯ್ಯುವ ಕೊಳವೆಗಳ ಕೀಲುಗಳು ಸಡಿಲವಾಗಿದ್ದರೆ ಎಂಜಿನ್ನಿನ ಹಿಂಬದಿಯೆಲ್ಲ ಮಸಿ ಹಿಡಿದಿರುತ್ತದೆ. ಕಣಿವೆಯಿಂದ ಇಳಿದ ಶುದ್ಧ ಡೀಸೆಲು ಆ ಮಸಿಯನ್ನು ತೊಳೆದುಕೊಂಡು ಬಂದು ನೆಲಕ್ಕೆ ಬೀಳುವಾಗ ಎಣ್ಣೆಯಷ್ಟೇ ಕಪ್ಪಾಗಿರುತ್ತದೆ. ಬಣ್ಣವನ್ನು ಮಾತ್ರ ನಂಬಿದವನು ಇಲ್ಲಿ ಡೀಸೆಲ್ ಸೋರಿಕೆಗೆ ಎಣ್ಣೆಯ ಸೀಲನ್ನು ಬದಲಿಸುತ್ತಾನೆ.

ದ್ರವದ ಗುರುತು ಸಿಕ್ಕಿದ ಮೇಲೆ ತೊಳೆಯುವ ಕೆಲಸ. ವರ್ಷಗಳಿಂದ ಜಿಡ್ಡೂ ಧೂಳೂ ಕಲಸಿ ಕಟ್ಟಿದ ಕರಟನ್ನು ಇಟ್ಟುಕೊಂಡು ಹೊಸ ಸೋರಿಕೆಯನ್ನು ಹುಡುಕುವುದು ವ್ಯರ್ಥ ಪ್ರಯಾಸ. ಜಿಡ್ಡು ಬಿಡಿಸುವ ದ್ರಾವಣವನ್ನು ಹಚ್ಚಿ, ವಿದ್ಯುತ್ ಜೋಡಣೆಗಳಿಗೆ ಪ್ಲಾಸ್ಟಿಕ್ ಸುತ್ತಿ, ಕಣಿವೆಯನ್ನು ಒಳಗೊಂಡಂತೆ ಎಂಜಿನ್ನನ್ನು ತೊಳೆದು ಒಣಗಿಸಬೇಕು. ಮೇಲಿನ ಲೋಹ ಬರಿದಾಗಿ ಕಂಡ ನಂತರ, ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಸ್ವಲ್ಪ ಎಣ್ಣೆಯಲ್ಲಿ ಬೆರೆಸಿ, ಕೆಲವು ದಿನ ಗಾಡಿಯನ್ನು ಯಥಾಪ್ರಕಾರ ದುಡಿಸಿ, ಕತ್ತಲೆಯಲ್ಲಿ ಆ ದೀಪವನ್ನು ಹಿಡಿದರೆ ಸೋರಿಕೆಯ ದಾರಿ ಹಳದಿಹಸಿರಿನ ಗೆರೆಯಾಗಿ ಎದ್ದು ಕಾಣುತ್ತದೆ. ಅದಿಲ್ಲದವರು ಅನುಮಾನದ ಜಾಗಕ್ಕೆ ಬಿಳಿಯ ಪೌಡರನ್ನು ಉದುರಿಸುವುದೂ ಉಂಟು. ಒಸರಿದ ಎಣ್ಣೆ ಮೊದಲು ಎಲ್ಲಿ ಪೌಡರನ್ನು ಕಪ್ಪಾಗಿಸುತ್ತದೋ ಅದೇ ಮೂಲ.

ಪರೀಕ್ಷೆಯನ್ನು ಎಂಜಿನ್ನು ಬಿಸಿಯಾಗಿದ್ದಾಗ ಮಾಡಬೇಕೆಂದು ಅನುಭವಿಗಳು ಒತ್ತಿ ಹೇಳುವುದಕ್ಕೆ ಸ್ಪಷ್ಟವಾದ ಭೌತಿಕ ಕಾರಣವುಂಟು. ಈ ಎಂಜಿನ್ನಿಗೆ ವಾಡಿಕೆಯಾದ 15ಡಬ್ಲ್ಯು–40 ಎಣ್ಣೆಯು 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಷ್ಟು ಮಂದವಾಗಿರುವುದೋ 100 ಡಿಗ್ರಿಯಲ್ಲಿ ಅದರ ಏಳೆಂಟರಲ್ಲೊಂದು ಪಾಲಿನಷ್ಟು ಮಾತ್ರ ಮಂದವಾಗಿರುತ್ತದೆ. ಕಿರಿದಾದ ದಾರಿಯಲ್ಲಿ ಹರಿಯುವ ದ್ರವದ ಮೊತ್ತವು ಒತ್ತಡಕ್ಕೆ ಅನುಲೋಮವಾಗಿಯೂ ಸ್ನಿಗ್ಧತೆಗೆ, ಎಂದರೆ ದ್ರವದ ಮಂದತೆಗೆ, ವಿಲೋಮವಾಗಿಯೂ ಇರುವುದೆಂದು, ರಕ್ತವು ಸೂಕ್ಷ್ಮನಾಳಗಳಲ್ಲಿ ಹರಿಯುವ ಬಗೆಯನ್ನು ತಿಳಿಯಹೊರಟ ಫ್ರೆಂಚ್ ವೈದ್ಯ ಪ್ವಾಸೇಯನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಗಾಜಿನ ನಳಿಗೆಗಳಿಂದ ಪ್ರಯೋಗಮಾಡಿ ತೋರಿಸಿದನು. ನಾಳದ ತ್ರಿಜ್ಯವು ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟು. ಗ್ಯಾಸ್ಕೆಟ್ಟಿನಡಿಯ ಸೀಳಿನಂಥ ಚಪ್ಪಟೆಯಾದ ಸಂದಾದರೆ, ಅದರ ಎತ್ತರ ಇಮ್ಮಡಿಯಾದಾಗ ಹರಿವು ಎಂಟು ಪಟ್ಟು. ತಣ್ಣಗೆ ನಿಂತ ಎಂಜಿನ್ನಿನಲ್ಲಿ ಒಣಗಿದಂತೆಯೇ ಕಾಣುವ ಕೀಲು, ಭಾರ ಹೊತ್ತು ಏರು ಹತ್ತಿದ ಬಳಿಕ ಎಣ್ಣೆಯನ್ನು ಸುರಿಸುವುದು ಈ ಕಾರಣದಿಂದ; ನಿನ್ನೆಯವರೆಗೆ ಒಸರುತ್ತಿದ್ದುದು ಇಂದು ಧಾರೆಯಾಗುವುದೂ, ಸಂದು ತುಸುವೇ ಹಿಗ್ಗಿದರೂ ಹರಿವು ಬಹುವಾಗಿ ಹೆಚ್ಚುವ ಈ ಘನಪ್ರಮಾಣದ ನಿಯಮದಿಂದ. ಇದಕ್ಕೆ ವ್ಯತಿರೇಕವೂ ಇಲ್ಲದಿಲ್ಲ: ಮುದಿಯಾದ ರಬ್ಬರು ಚಳಿಯಲ್ಲಿ ಕುಗ್ಗಿ ಗಡುಸಾಗುವುದರಿಂದ ಕೆಲವು ಸೀಲುಗಳು ಬೆಳಗಿನ ಚಳಿಯಲ್ಲಿ ಮಾತ್ರ ಸೋರಿ, ಬಿಸಿಯಾದೊಡನೆ ಬಿಗಿದುಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ. ಅಧಿಕ ಒತ್ತಡದ ಪಂಪಿನಿಂದ ಹೆಡ್ಡುಗಳಿಗೆ ಹೋಗುವ ಮೆದುಗೊಳವೆಗಳನ್ನು ಎಂಜಿನ್ನು ಓಡುತ್ತಿರುವಾಗ ಬೆರಳಿನಿಂದ ತಡವಿ ಸೋರಿಕೆಯನ್ನು ಹುಡುಕಕೂಡದು. ಸೂಜಿಮೊನೆಯಷ್ಟು ರಂಧ್ರದಿಂದ ನೂರಾರು ಬಾರ್ ಒತ್ತಡದಲ್ಲಿ ಹೊರಬೀಳುವ ಎಣ್ಣೆಯ ಎಳೆ ಕಣ್ಣಿಗೆ ಕಾಣದು, ಕೈಗವಸನ್ನೂ ಚರ್ಮವನ್ನೂ ಭೇದಿಸಿ ಮಾಂಸದೊಳಕ್ಕೆ ಹೊಕ್ಕುಬಿಡಬಲ್ಲದು. ಹೊರಗೆ ಕಾಣುವ ಗಾಯ ಸೊಳ್ಳೆ ಕಚ್ಚಿದಷ್ಟಿದ್ದರೂ ಅದು ಆಗಿಂದಾಗಲೇ ಶಸ್ತ್ರವೈದ್ಯರ ಬಳಿಗೆ ಹೋಗಬೇಕಾದ ಅಪಘಾತ. ತಡವಾದರೆ ಬೆರಳನ್ನೇ ಕತ್ತರಿಸಬೇಕಾಗಿ ಬಂದ ಪ್ರಸಂಗಗಳು ವೈದ್ಯಶಾಸ್ತ್ರಕ್ಕೆ ಅಪರಿಚಿತವಲ್ಲ. ರಟ್ಟಿನ ತುಂಡನ್ನು ಚಾಚಿ ನೋಡಬೇಕೇ ಹೊರತು ಕೈಯನ್ನಲ್ಲ.

ಕಣಿವೆಯೊಳಗಿನ ಮೂಲಗಳನ್ನು ಈಗ ಹತ್ತಿರದಿಂದ ನೋಡಬಹುದು. ಟಾರ್ಚನ್ನೂ ಹಿಡಿಯುಳ್ಳ ಪುಟ್ಟ ಕನ್ನಡಿಯನ್ನೂ ಹಿಡಿದು ಟರ್ಬೋ ಪೀಠದ ಹಿಂದೆ ಬಗ್ಗಿದರೆ, ಪೀಠವು ಎಂಜಿನ್ನಿನ ಮೈಯನ್ನು ಮುಟ್ಟುವ ಗೆರೆ ಕಾಣುತ್ತದೆ. ಆ ಗೆರೆಯ ಒಳಗೆ ಎರಡು ಓ-ರಿಂಗುಗಳಿವೆ: ಒಂದು ಟರ್ಬೋಗೆ ಎಣ್ಣೆ ಏರುವ ರಂಧ್ರದ ಸುತ್ತ, ಮತ್ತೊಂದು ಅಲ್ಲಿಂದ ಎಣ್ಣೆ ಮರಳಿ ಇಳಿಯುವ ರಂಧ್ರದ ಸುತ್ತ. ಕಾಸಿನ ಬೆಲೆಯ ಈ ಬಳೆಗಳು ಸಾವಿರಾರು ಗಂಟೆಗಳ ಕಾಲ ಟರ್ಬೋ ಯಂತ್ರದ ಬೇಗೆಯನ್ನು ಸಹಿಸಿ ಕೊನೆಗೆ ಚಪ್ಪಟೆಯಾಗಿ ಗಡುಸಾಗುತ್ತವೆ. ತೆಗೆದು ನೋಡಿದರೆ ದುಂಡಗಿನ ಅಡ್ಡಕೊಯ್ತವು ಚೌಕವಾಗಿರುವುದೂ, ಬಗ್ಗಿಸಿದರೆ ತಟಕ್ಕನೆ ಮುರಿಯುವುದೂ ಅನುಭವದ ಮಾತು. ಅದೇ ಪೀಠದಲ್ಲಿ, ಚಳಿಯಲ್ಲಿ ಎಂಜಿನ್ನನ್ನು ಬೇಗ ಬಿಸಿಮಾಡಲೆಂದು ಹೊಗೆಯ ದಾರಿಯನ್ನು ಅರೆಮುಚ್ಚುವ ಕವಾಟವೊಂದನ್ನು ಎಣ್ಣೆಯ ಒತ್ತಡದಿಂದ ತಳ್ಳುವ ಸಣ್ಣ ಸರಳೂ ಉಂಟು. ಅದರ ಸುತ್ತಲಿಂದಲೂ ಎಣ್ಣೆ ಒಸರುತ್ತದೆ. ಮುಂಭಾಗಕ್ಕೆ ಬಂದರೆ ಪಂಪಿನ ಹಿಂಬದಿಯ ಮುಚ್ಚಳಗಳು, ಮೆದುಗೊಳವೆಗಳ ಜೋಡಣೆಗಳು. ನಡುವಿನಲ್ಲಿ ಡೀಸೆಲ್ ಬಟ್ಟಲಿನ ಕೆಳಗಿನ ನೀರು ಬಿಡುವ ಕವಾಟ. 1997ರವರೆಗಿನ ಗಾಡಿಗಳಲ್ಲಾದರೆ ಅಲ್ಲಿಯೇ ಕೂತ ಯಾಂತ್ರಿಕ ಇಂಧನ ಪಂಪು. ಎಣ್ಣೆಯ ಒತ್ತಡವನ್ನು ಅಳೆಯುವ ಸಂವೇದಕದ ವಿದ್ಯುತ್ ಜೋಡಣೆಯನ್ನು ಬಿಚ್ಚಿ ನೋಡುವುದು ಅರೆನಿಮಿಷದ ಕೆಲಸ: ಅದರ ಪಿನ್ನುಗಳ ನಡುವೆ ಎಣ್ಣೆ ನಿಂತಿದ್ದರೆ ಸಂವೇದಕ ಒಳಗೇ ಬಿರಿದಿದೆ.

ಓ-ರಿಂಗು ಎಂಬ ವಸ್ತುವಿನ ಬಗೆಗೆ ಎರಡು ಮಾತು ಹೇಳುವುದು ಅಪ್ರಕೃತವಾಗಲಾರದು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್‌ಸೆನ್ ಎಂಬ ಯಂತ್ರಶಿಲ್ಪಿ 1937ರಲ್ಲಿ ಅರ್ಜಿ ಹಾಕಿ, 1939ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ತೋಡಿನಲ್ಲಿ ಕೂರಿಸಿದ ದುಂಡು ರಬ್ಬರು ತುಸು ಹಿಸುಕಿಕೊಂಡಿರುವುದು. ದ್ರವದ ಒತ್ತಡ ಬಂದಾಗ ಅದು ತೋಡಿನ ಎದುರು ಗೋಡೆಗೆ ಒತ್ತಿಕೊಂಡು ಇನ್ನಷ್ಟು ಬಿಗಿಯಾಗುವುದು. ಒತ್ತಡವೇ ಒತ್ತಡಕ್ಕೆ ತಡೆಯಾಗುವ ಈ ಉಪಾಯದ ಪ್ರಾಣವೆಲ್ಲ ರಬ್ಬರಿನ ಮರುಪುಟಿಯುವ ಗುಣದಲ್ಲಿದೆ. ಉಷ್ಣದಲ್ಲಿ ರಬ್ಬರಿನ ಅಣುಸರಪಳಿಗಳ ನಡುವೆ ಹೊಸ ಬಂಧಗಳು ಬೆಳೆದು, ಹಿಸುಕಿದ ಆಕಾರವೇ ಅದಕ್ಕೆ ಸಹಜವಾಗಿಬಿಟ್ಟರೆ, ಒತ್ತುವ ಶಕ್ತಿ ಉಡುಗುತ್ತದೆ. ಸಾಧಾರಣ ನೈಟ್ರೈಲ್ ರಬ್ಬರು ನೂರು ಚಿಲ್ಲರೆ ಡಿಗ್ರಿಗಳಲ್ಲಿ ಬೇಗನೆ ಹೀಗಾಗುತ್ತದೆ. ಫ್ಲೋರಿನ್ ಬೆರೆತ ‘ವೈಟಾನ್’ ಜಾತಿಯದು ಇನ್ನೂರರ ಆಸುಪಾಸಿನವರೆಗೆ ತಾಳುತ್ತದೆ. ಟರ್ಬೋ ಪೀಠಕ್ಕೆ ಹೊಸ ಬಳೆಗಳನ್ನು ತರುವಾಗ ನಾಲ್ಕು ಕಾಸು ಹೆಚ್ಚಾದರೂ ಎರಡನೆಯದನ್ನೇ ತರಬೇಕೆಂದು ನಾನು ಹೇಳುತ್ತೇನೆ. ತಿರುಗುವ ದಂಡದ ಸುತ್ತಲಿನ ಸೀಲಿನ ಕಥೆ ಬೇರೆ. ಅದರ ತುಟಿಯು ದಂಡವನ್ನು ನೇರವಾಗಿ ಮುಟ್ಟುವುದಿಲ್ಲ. ಮೈಕ್ರಾನ್ ಪ್ರಮಾಣದ ಎಣ್ಣೆಪದರದ ಮೇಲೆ ತೇಲುತ್ತ, ಹೊರಬಂದ ಎಣ್ಣೆಯನ್ನು ಮರಳಿ ಒಳಕ್ಕೆ ತಳ್ಳುತ್ತಿರುತ್ತದೆ. ಆದುದರಿಂದ ಅಂಥ ಸೀಲಿನ ಬಳಿ ತೇವದ ಒಂದು ತೆಳು ಉಂಗುರ ಕಂಡ ಮಾತ್ರಕ್ಕೆ ಅದು ಕೆಟ್ಟಿತೆನ್ನಲಾಗದು.

ಒಂದು ಸೀಲನ್ನು ಬದಲಿಸಿದೊಡನೆ ಮತ್ತೊಂದು, ಅದರ ಬೆನ್ನಿಗೆ ಇನ್ನೊಂದು ಸೋರತೊಡಗಿದರೆ, ದೋಷವು ಸೀಲುಗಳಲ್ಲಿಲ್ಲ ಎಂದು ಶಂಕಿಸಬೇಕು. ಪಿಸ್ಟನ್ ರಿಂಗುಗಳು ಸವೆದಾಗ ದಹನದ ಅನಿಲವು ಅವುಗಳನ್ನು ದಾಟಿ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಆ ಅನಿಲವನ್ನು ಹೊರಬಿಡುವ ಬ್ರೀದರಿನ ದಾರಿ ಸಾಲದೆ ಹೋದರೆ ಅಥವಾ ಅದು ಕಟ್ಟಿಕೊಂಡಿದ್ದರೆ, ಒಳಗಿನ ಒತ್ತಡವೇರಿ ಎಣ್ಣೆಯನ್ನು ಎಲ್ಲ ಕೀಲುಗಳಿಂದಲೂ ಹೊರದೂಡುತ್ತದೆ. ಎಂಜಿನ್ನು ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತಿರುವಿ ಬಾಯಿಯ ಮೇಲೆ ಬೋರಲಾಗಿಟ್ಟು, ಅದು ಸ್ವಲ್ಪ ನಡುಗುತ್ತದೆಯೋ ಇಲ್ಲವೇ ಹಾರಿಬೀಳುತ್ತದೆಯೋ ಎಂದು ನೋಡುವ ಪರೀಕ್ಷೆ ಡೀಸೆಲ್ ಬಲ್ಲವರಲ್ಲೆಲ್ಲ ಬಳಕೆಯಲ್ಲಿದೆ. ಅದು ಸ್ಥೂಲವಾದ ಪರೀಕ್ಷೆ. ಸರಿಯಾದ ಉತ್ತರ ಬೇಕಾದವರು ಕ್ರ್ಯಾಂಕ್ ಕೋಣೆಯ ಒತ್ತಡವನ್ನು ನೀರಿನ ಒತ್ತಡಮಾಪಕದಿಂದ ಅಳೆಯಬೇಕು. ಈ ಎಂಜಿನ್ನಿನ ಬ್ರೀದರು ತನ್ನ ಎಣ್ಣೆಯಾವಿಯನ್ನು ಟರ್ಬೋಗೆ ಗಾಳಿ ಹೋಗುವ ಕೊಳವೆಗೇ ಬಿಡುವುದರಿಂದ, ಮುಂದಿನ ರಬ್ಬರ್ ಜೋಡಣೆಗಳೆಲ್ಲ ಒಳಗೂ ಹೊರಗೂ ಎಣ್ಣೆಯಾಗಿರುವುದು ಸರ್ವೇಸಾಮಾನ್ಯ. ಅದನ್ನು ಕಂಡು ಟರ್ಬೋ ಕೆಟ್ಟಿತೆಂದು ಹೊಸದನ್ನು ಕೊಂಡವರ ಹಣ ವ್ಯರ್ಥವಾಗುತ್ತದೆ. ಟರ್ಬೋದ ದಂಡವನ್ನು ಕೈಯಿಂದ ಅಲುಗಿಸಿ ಅದರ ಸಡಿಲವನ್ನು ನೋಡದೆ ಆ ಮಾತನ್ನು ಆಡಬಾರದು.

ಎಣ್ಣೆಯ ಮಟ್ಟ ಇಳಿಯುತ್ತಿದೆ, ನೆಲದ ಮೇಲೆ ಮಾತ್ರ ಹನಿಯಿಲ್ಲ ಎಂಬ ಸಂದರ್ಭವೂ ಈ ಎಂಜಿನ್ನಿನಲ್ಲಿ ಒದಗುತ್ತದೆ. ಇಂಜೆಕ್ಟರಿನ ಹೊರಮೈಯಲ್ಲಿ ಎಣ್ಣೆಯನ್ನೂ ಡೀಸೆಲನ್ನೂ ಬೇರ್ಪಡಿಸುವ ಓ-ರಿಂಗುಗಳು ಸವೆದರೆ, ಡೀಸೆಲಿಗಿಂತ ಎಷ್ಟೋ ಪಟ್ಟು ಒತ್ತಡದಲ್ಲಿರುವ ಎಣ್ಣೆಯು ಡೀಸೆಲಿನೊಳಕ್ಕೆ ನುಗ್ಗಿ ಸುಟ್ಟುಹೋಗುತ್ತದೆ. ಡೀಸೆಲ್ ಫಿಲ್ಟರಿನ ಬಟ್ಟಲನ್ನು ತೆರೆದಾಗ ಒಳಗಿನ ಡೀಸೆಲ್ ಕಪ್ಪಾಗಿ ಕಂಡರೆ ಈ ರೋಗದ ನಿರ್ಣಯ ಮುಗಿದಂತೆಯೇ. ಅಂತೆಯೇ, ಬೆಳಿಗ್ಗೆ ಸುಲಭವಾಗಿ ಸ್ಟಾರ್ಟ್ ಆಗುವ ಗಾಡಿ ದಾರಿಯಲ್ಲಿ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗಲು ಹಠಮಾಡಿದರೆ, ಬಿಸಿಯಿಂದ ತೆಳುವಾದ ಎಣ್ಣೆ ಎಲ್ಲೋ ಒಳಸಂದಿನಿಂದ ಚೇಂಬರಿಗೆ ಜಾರಿ, ಒತ್ತಡ 35 ಬಾರಿಗೆ ಏರದೆ ಇದೆ ಎಂದು ತಿಳಿಯಬೇಕು. ಹೊರಗೆ ಒಂದು ಹನಿಯೂ ಕಾಣದ ಈ ಸೋರಿಕೆಯು, ನೆಲವನ್ನೆಲ್ಲ ಕಪ್ಪಾಗಿಸುವ ಸೋರಿಕೆಗಿಂತ ಗಾಡಿಯ ಒಡೆಯನಿಗೆ ಹೆಚ್ಚು ಕಷ್ಟ ಕೊಡುತ್ತದೆ.

ರಿಪೇರಿ ಮಾಡಬೇಕೇ, ಬಿಡಬಹುದೇ? ಅಮೆರಿಕದ ಸೇನೆಯವರು ತಮ್ಮ ವಾಹನಗಳ ತಪಾಸಣೆಗೆ ಸೋರಿಕೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದಾರೆ: ತೇವ ಕಾಣುತ್ತದೆ, ಹನಿ ಕಟ್ಟುವುದಿಲ್ಲ ಎಂಬುದು ಮೊದಲನೆಯದು, ಹನಿ ಕಟ್ಟುತ್ತದೆ, ನೋಡುತ್ತಿರುವಷ್ಟು ಹೊತ್ತಿನಲ್ಲಿ ಬೀಳುವುದಿಲ್ಲ ಎಂಬುದು ಎರಡನೆಯದು, ಹನಿ ಕಟ್ಟಿ ಬೀಳುತ್ತದೆ ಎಂಬುದು ಮೂರನೆಯದು. ಮೊದಲೆರಡಕ್ಕೆ ಎಣ್ಣೆಯ ಮಟ್ಟವನ್ನು ಗಮನಿಸುತ್ತ ಗಾಡಿಯನ್ನು ಓಡಿಸಬಹುದು, ಮೂರನೆಯದನ್ನು ಮೇಲಿನವರಿಗೆ ವರದಿ ಮಾಡಬೇಕು. ನಮ್ಮ ಆಡುಮಾತಿನ ಒಸರು, ಜಿನುಗು, ತೊಟ್ಟಿಕ್ಕು ಎಂಬ ಕ್ರಮವೂ ಇದೇ. ಲೆಕ್ಕ ಹಾಕಿ ನೋಡೋಣ: ಮಿಲಿಲೀಟರಿಗೆ 30 ಹನಿಯೆಂದು ಹಿಡಿದರೆ, ನಿಮಿಷಕ್ಕೊಂದರಂತೆ ಹಗಲೂ ರಾತ್ರಿ ಬಿದ್ದರೆ ದಿನಕ್ಕೆ 48 ಮಿಲಿಲೀಟರ್, ಮೂರು ವಾರಕ್ಕೆ ಒಂದು ಲೀಟರ್. 14 ಲೀಟರಿನ ಎಂಜಿನ್ನು ಅದರಿಂದ ಸಾಯುವುದಿಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವವನಿಗೆ ಅದು ವರ್ಷದ ಕೊನೆಗೆ ಹಣದ ಲೆಕ್ಕವಾಗುತ್ತದೆಯೇ ಹೊರತು ಯಂತ್ರದ ಮರಣವಾಗುವುದಿಲ್ಲ. ಆದರೆ ಅದೇ ಹನಿಯು ಟರ್ಬೋದ ಹೊಗೆಕೊಳವೆಯ ಮೇಲೆ ಬೀಳುತ್ತಿದ್ದರೆ ಬೆಂಕಿಯ ಭಯ, ಕ್ಲಚ್ ತಟ್ಟೆಯ ಮೇಲೆ ಬೀಳುತ್ತಿದ್ದರೆ ಜಾರುವ ಕ್ಲಚ್, ಅಧಿಕ ಒತ್ತಡದ ಭಾಗದಿಂದ ಬರುತ್ತಿದ್ದರೆ ಯಾವ ಕ್ಷಣದಲ್ಲಾದರೂ ಧಾರೆ; ಇವು ಮೂರೂ ತಡಮಾಡುವಂಥವಲ್ಲ. ನೆಲದ ವಿಷಯವನ್ನೂ ಮರೆಯಬಾರದು. ಒಂದು ಸಲದ ಬದಲಾವಣೆಯ ಹಳೆಯ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಬಾವಿಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವನಿಗೆ ಒಂದು ಲೀಟರೂ ಅಲ್ಪವಲ್ಲ.

ಈ ಟ್ರಕ್ಕಿನಲ್ಲಿ ನಿರ್ಧಾರವು ನಿಜವಾಗಿ ಕಠಿನವಾಗುವುದು ಚೇಂಬರಿನ ವಿಷಯದಲ್ಲಿ. ಅಮೆರಿಕದ ಉತ್ತರದ ಸೀಮೆಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪನ್ನು ಚೆಲ್ಲುತ್ತಾರೆ. ಅದರೊಡನೆ ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡು ಗಾಳಿಯ ತೇವವನ್ನೇ ಹೀರಿ ಸದಾ ಒದ್ದೆಯಾಗಿರುವುದರಿಂದ ಗಾಡಿಯ ಅಡಿಭಾಗಕ್ಕೆ ತುಕ್ಕಿನಿಂದ ಬಿಡುವೇ ಇಲ್ಲ. ಉಕ್ಕಿನ ತಗಡಿನ ಚೇಂಬರು ಹೊರಗಿನಿಂದ ಪದರ ಪದರವಾಗಿ ಎದ್ದು, ಕೊನೆಗೆ ಒಳಗಿನ ಎಣ್ಣೆಗೆ ದಾರಿ ಬಿಡುತ್ತದೆ. ಮೇಲಿನಿಂದ ಎಣ್ಣೆ ಸೋರಿ ತೋಯ್ದಿದ್ದ ಭಾಗಗಳು ಮಾತ್ರ ತುಕ್ಕಿಲ್ಲದೆ ಉಳಿದಿರುವುದನ್ನು ಹಳೆಯ ಗಾಡಿಗಳಲ್ಲಿ ನೋಡಬಹುದು. ಡಿಪ್‌ಸ್ಟಿಕ್ಕಿನ ಕೊಳವೆ ಚೇಂಬರನ್ನು ಸೇರುವ ಜೋಡಣೆ ಇನ್ನೊಂದು ದುರ್ಬಲ ಸ್ಥಾನ. ಅದಕ್ಕೆ ಚೇಂಬರನ್ನು ಇಳಿಸದೆಯೇ ಹೊರಗಿನಿಂದ ಕೂರಿಸಬಹುದಾದ ಬದಲಿ ಭಾಗಗಳು ದೊರೆಯುತ್ತವೆ, ಆದುದರಿಂದ ಚೇಂಬರಿಗೆ ಮರಣಶಾಸನ ಬರೆಯುವ ಮುನ್ನ ಸೋರಿಕೆ ಇದರದೋ ಎಂದು ನೋಡಲೇಬೇಕು. ತಗಡೇ ತೂತಾಗಿದ್ದರೆ, ಎಂಜಿನ್ನಿನ ಕೆಳಗೆ ಅಡ್ಡಹಾದಿರುವ ಚೌಕಟ್ಟಿನ ದೆಸೆಯಿಂದ ಚೇಂಬರನ್ನು ಗಾಡಿಯಲ್ಲಿದ್ದಂತೆಯೇ ಸರಿಯಾಗಿ ಬದಲಿಸಲು ಬರುವುದಿಲ್ಲ, ಎಂಜಿನ್ನನ್ನೇ ಎತ್ತಬೇಕು.

ಎಣ್ಣೆಯನ್ನು ಬಸಿದು, ಒಂದು ರಾತ್ರಿ ಬಿಟ್ಟು, ತುಕ್ಕನ್ನು ಹೊಳೆಯುವ ಲೋಹದವರೆಗೆ ಉಜ್ಜಿ, ಉಕ್ಕಿನ ಪುಡಿ ಬೆರೆತ ಎಪಾಕ್ಸಿಯನ್ನು ಮೆತ್ತುವುದು, ತೂತನ್ನು ಹಾಗೆಯೇ ಬಿಡುವುದಕ್ಕೂ ಎಂಜಿನ್ನನ್ನು ಎತ್ತುವುದಕ್ಕೂ ನಡುವಣ ಮಧ್ಯಮ ಮಾರ್ಗ. ತೂತು ಒಂದೇ ಆಗಿದ್ದು ಸುತ್ತಲ ತಗಡು ಗಟ್ಟಿಯಾಗಿದ್ದರೆ ಅದು ವರ್ಷಗಳ ಕಾಲ ಬಾಳುವುದುಂಟು. ಉಜ್ಜುತ್ತಿದ್ದಂತೆ ತಗಡು ಬೆರಳಿನೊತ್ತಿಗೆ ಬಾಗಿದರೆ ಅದು ಕಾಲಹರಣ ಮಾತ್ರ. ಸೀಲುಗಳನ್ನು ಉಬ್ಬಿಸಿ ಸೋರಿಕೆಯನ್ನು ನಿಲ್ಲಿಸುವುದೆಂದು ಮಾರುವ ಸೀಸೆಯ ದ್ರವಗಳನ್ನು, ಬೇರೆ ಎಂಜಿನ್ನುಗಳಲ್ಲಿ ಅವುಗಳ ಯೋಗ್ಯತೆ ಏನೇ ಇರಲಿ, ಈ ಎಂಜಿನ್ನಿಗೆ ಹಾಕಬಾರದೆಂದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಎಣ್ಣೆಯು ಇಂಜೆಕ್ಟರುಗಳ ಸೂಕ್ಷ್ಮ ಕವಾಟಗಳ ಮೂಲಕ ಹಾದುಹೋಗುವುದರಿಂದ ಅದರ ನೊರೆತಡೆಯುವ ಗುಣವೂ ಮಂದತೆಯೂ ಕೆಡುವಂತಿಲ್ಲ. ಇದೇ ಕಾರಣಕ್ಕೆ ಈ ಎಂಜಿನ್ನಿನ ಎಣ್ಣೆಯನ್ನು ಸುಮಾರು 8000 ಕಿಲೋಮೀಟರಿಗೊಮ್ಮೆ ಬದಲಿಸುವ ವಾಡಿಕೆಯುಂಟು.

ಎಂಜಿನ್ನನ್ನು ಎತ್ತುವುದೇ ನಿಶ್ಚಯವಾದರೆ ಒಂದು ಚೇಂಬರಿಗಾಗಿ ಅಷ್ಟು ದುಡಿಮೆಯನ್ನು ಖರ್ಚುಮಾಡಿ ಉಳಿದುದನ್ನು ಹಾಗೆಯೇ ಬಿಡುವುದು ವಿವೇಕವಲ್ಲ. ಹಿಂಬದಿಯ ಕ್ರ್ಯಾಂಕ್ ಸೀಲು, ಎಡಗಡೆಯಲ್ಲಿ ಎಣ್ಣೆಯನ್ನು ತಂಪುಗೊಳಿಸುವ ಕೂಲರಿನ ಓ-ರಿಂಗುಗಳು, ಟರ್ಬೋ ಪೀಠದ ಬಳೆಗಳು, ಪಂಪಿನ ಮೆದುಗೊಳವೆಗಳು, ಡಿಪ್‌ಸ್ಟಿಕ್ಕಿನ ಜೋಡಣೆ ಇವೆಲ್ಲವನ್ನೂ ಆಗಲೇ ಹೊಸದುಮಾಡಬೇಕು. ಚೇಂಬರನ್ನು ಈ ಎಂಜಿನ್ನಿಗೆ ಬಿಗಿಯುವುದು ಗ್ಯಾಸ್ಕೆಟ್ಟಿನಿಂದಲ್ಲ, ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ಸಿಲಿಕೋನ್ ಅಂಟಿನಿಂದ. ಎಣ್ಣೆಯ ತೆಳುಪೊರೆ ಇದ್ದ ಲೋಹಕ್ಕೆ ಅದು ಹಿಡಿಯುವುದೇ ಇಲ್ಲ. ಗಾಡಿಯಲ್ಲಿದ್ದಂತೆಯೇ ಚೇಂಬರನ್ನು ಕೂರಿಸಹೊರಟವರು ಸೋಲುವುದು ಜಾಗದ ಇಕ್ಕಟ್ಟಿನಿಂದ ಮಾತ್ರವಲ್ಲ, ಮೇಲಿನಿಂದ ಎಣ್ಣೆ ತೊಟ್ಟಿಕ್ಕುವುದು ದಿನಗಟ್ಟಲೆ ನಿಲ್ಲದಿರುವುದರಿಂದ. ಎತ್ತಿದ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ತಲೆಕೆಳಗು ಮಾಡಿದರೆ ಎಣ್ಣೆಯೆಲ್ಲ ದೂರ ಸರಿದು ಅಂಚು ಒಣಗುತ್ತದೆ. ಅಂಟನ್ನು ತೆಳುವಾಗಿ ಎಳೆಯಬೇಕು. ಹೆಚ್ಚಾದದ್ದು ಒಳಗೆ ಹಿಂಡಿಕೊಂಡು ಮುರಿದು, ಎಣ್ಣೆ ಹೀರುವ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬೋಲ್ಟುಗಳನ್ನು ಬಿಗಿದ ಮೇಲೆ ಒಂದು ದಿನ ಬಿಟ್ಟು ಎಣ್ಣೆ ತುಂಬಬೇಕು. ತುಂಬುವಾಗ ಕಣಿವೆಯ ಮುಂಭಾಗದ ಪುಟ್ಟ ತೊಟ್ಟಿಯ ಮೇಲಿನ ಮುಚ್ಚಳವನ್ನು ಬಿಚ್ಚಿ ಅದಕ್ಕೂ ಎಣ್ಣೆ ಸುರಿಯಬೇಕು, ಇಲ್ಲವಾದರೆ ಬರಿದಾದ ನಾಳಗಳಲ್ಲಿ ಒತ್ತಡ ಹುಟ್ಟುವವರೆಗೆ ಸ್ಟಾರ್ಟರು ಬಹಳ ಹೊತ್ತು ತಿರುಗಬೇಕಾಗುತ್ತದೆ. ಮೊದಲ ದೀರ್ಘ ಓಟವಾದ ಬಳಿಕ, ಬಿಸಿ ಆರುವ ಮುನ್ನ, ಹೊಸ ಚೇಂಬರಿನ ಅಂಚನ್ನು ಬಿಳಿಯ ಬಟ್ಟೆಯಿಂದ ಸುತ್ತಲೂ ಒರೆಸಿ ನೋಡಿ, ಎಣ್ಣೆಯ ಮಟ್ಟವನ್ನು ಗುರುತು ಹಾಕಿಟ್ಟುಕೊಂಡು, ಮುಂದಿನ ವಾರ ಅದೇ ಗುರುತಿಗೆ ಹೋಲಿಸಬೇಕು.